ಸೋದರಮಾವ ಹಿಡಿಯದ ಎಲೆ

ಭೂಗೋಳ ಕಲಿಸುವವರು ಪುಣ್ಯವಂತರು. ಊಟಕ್ಕೆ ಕೂತಾಗ ಯಾವ ನದಿಯೂ ಬಂದು ಅವರ ಕೊರಳಪಟ್ಟಿ ಹಿಡಿಯುವುದಿಲ್ಲ. ನಾನು ಶಹಾಪುರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಬಂದು ಬಹಳ ವರ್ಷವಾದರೂ ಎದ್ದು ಹೋಗದ ಅತಿಥಿ. ಕಲಿಸುವುದು ಮಾನವ ಹಕ್ಕುಗಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು, ಇದನ್ನು ಕೇಳದವರಿಗೂ ಹೇಳುವುದು ನನ್ನ ಚಟ. ಹಕ್ಕು ಎಲ್ಲ ಮನುಷ್ಯರಿಗೂ ಒಂದೇ, ಆಯಾ ಊರಿನ ಪದ್ಧತಿ ಅದಕ್ಕೆ ಅಡ್ಡ ಬರಕೂಡದು ಎಂದು ಗಂಟಲು ಹರಿಯುವಂತೆ ಪಾಠ ಮಾಡುತ್ತೇನೆ. ಮುಂದಿನ ಬೆಂಚಿನಲ್ಲಿ ಕೂತು ಅದನ್ನು ಬರೆದುಕೊಳ್ಳುವ ರೇಣುಕಾ ನನ್ನ ಅಕ್ಕನ ಮಗಳು. ಕ್ಲಾಸಿನಲ್ಲಿ ನಾನು ಅವಳಿಗೆ ‘ಸರ್’, ಮನೆಯಲ್ಲಿ ‘ಮಾಮಾ’.

ನಮ್ಮ ಕಡೆ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಸೋದರಮಾವನದು. ಓದು, ನೌಕರಿ ಎಂದು ನಾನು ಮದುವೆ ಇಲ್ಲದೆ ಉಳಿದಿದ್ದೆ. ಸುರಪುರದ ಪಕ್ಕದ ರಂಗಂಪೇಟೆಯಲ್ಲಿರುವ ಅಕ್ಕ ಒಂದು ದಿನ ಮಗಳನ್ನು ನನಗೇ ಕೊಡುವ ವಿಷಯ ತೆಗೆದಳು. ಎತ್ತಿ ಆಡಿಸಿದ ಹುಡುಗಿ, ಮೇಲಾಗಿ ನನ್ನ ವಿದ್ಯಾರ್ಥಿನಿ. ಒಲ್ಲೆ ಎಂದೆ.

“ಮಂದಿ ಹೊಲದಾಗ ಹತ್ತಿ ಬಿಡಿಸಿ ನಿನ್ನ ಓದಿಸಿದ್ನೆಪ್ಪಾ. ಈಗ ನನ್ನ ಮಗಳು ನಿನಗ ಸಾಲಂಗಿಲ್ಲೇನು?” ಎಂದಳು ಅಕ್ಕ.

ಆ ಸಿಟ್ಟಿಗೇ ರಾಮಸಮುದ್ರದ ವರ ಹುಡುಕಿದಳು. ಡಿಗ್ರಿಯ ಕೊನೆಯ ಪರೀಕ್ಷೆಗೆ ಮೊದಲೇ ಮದುವೆ, ಆಮೇಲೆ ಓದು ಬಂದ್ ಎಂಬುದು ವರನ ಕಡೆಯವರ ಕರಾರು. ರೇಣುಕಾ ಕಾಲೇಜಿನ ವರಾಂಡದಲ್ಲಿ ನಿಂತು ಹೇಳಿದ್ದು ಇಷ್ಟೇ: “ಸರ್, ಪರೀಕ್ಷಿ ಒಂದು ಬರಸ್ರಿ.”

ನಿಶ್ಚಯದ ದಿನ ನಾನು ಓದಿದ್ದನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಹೋದೆ. ಹಾಸಿದ ಜಮಖಾನೆಯ ಮೇಲೆ ಕೂತು, ಶಿಕ್ಷಣ ಪ್ರತಿ ಮನುಷ್ಯನ ಹಕ್ಕು ಎಂದು ಶುರುಮಾಡಿದೆ. ಸಾವಿನ ಮನೆಯಲ್ಲಿ ಶಹನಾಯಿ ಊದಿದವನನ್ನು ನೋಡುವ ಹಾಗೆ ಎಲ್ಲರೂ ನನ್ನನ್ನು ನೋಡಿದರು.

ವರನ ದೊಡ್ಡಪ್ಪ ಮೀಸೆಯಲ್ಲೇ ನಕ್ಕರು. “ಅದೆಲ್ಲಾ ನಿಮ್ಮ ಕಾಲೇಜಿನಾಗ, ಮಾಸ್ತರ್ರ. ಇಲ್ಲಿ ನಮ್ಮ ರಿವಾಜು ಬ್ಯಾರೆ ಐತಿ. ಎಲಿ ಹಿಡೀರಿ ಮದ್ಲ.”

ಹುಡುಗಿಯ ಸೋದರಮಾವ ಎಲೆ ಅಡಿಕೆ ಹಿಡಿಯದೆ ನಮ್ಮಲ್ಲಿ ನಿಶ್ಚಯವಾಗುವುದಿಲ್ಲ. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

“ರಿವಾಜೇ ಆಗಲ್ರಿ. ಪರೀಕ್ಷಿ ಮುಗಿಯೋತನ ನಾ ಎಲಿ ಹಿಡಿಯಂಗಿಲ್ಲ.”

ದೊಡ್ಡಪ್ಪನ ದನಿಯೇ ಬೇರೆಯಾಯಿತು: “ಹಂಗಂದ್ರ ಹ್ಯಾಂಗ್ರಿ ಮಾವಾರ... ಆತು ತಗೋರಿ, ಪರೀಕ್ಷಿ ಆದಮ್ಯಾಗ ಬರ್ತೀವಿ.” ಜಗತ್ತಿನ ಹಕ್ಕುಗಳೆಲ್ಲ ಸೇರಿ ಮಾಡಲಾಗದ್ದನ್ನು ಒಂದು ವೀಳ್ಯದೆಲೆ ಮಾಡಿತ್ತು. ಅಕ್ಕ ಮಾತ್ರ ನನ್ನ ಮುಂದೆ ಚಹಾದ ಕಪ್ಪನ್ನು ಕುಕ್ಕಿ ಹೋದಳು.

ಚಪ್ಪಲಿ ಮೆಟ್ಟುವಾಗ ರೇಣುಕಾ ಬಾಗಿಲಿಗೆ ಬಂದಳು. ಮನೆಯಲ್ಲಿದ್ದರೂ ಮಾಮಾ ಎನ್ನಲಿಲ್ಲ. “ಪರೀಕ್ಷಿ ಆದಮ್ಯಾಗ ಏನ್ರಿ ಸರ್?”

ಅದೇ ಪ್ರಶ್ನೆ ಹೊತ್ತು ಸುರಪುರದಲ್ಲಿ ಬಸ್ಸು ಹತ್ತಿದೆ. ಅಷ್ಟೊತ್ತಿಗೆ ಅವಳೂ ಡಿಗ್ರಿ ಮುಗಿಸಿರುತ್ತಾಳೆ, ತನ್ನ ಮಾತು ತಾನೇ ಆಡುತ್ತಾಳೆ ಎಂದು ಸಮಾಧಾನ ಮಾಡಿಕೊಂಡೆ. ಡಿಗ್ರಿ ಬಂದರೆ ಬಾಯಿ ಬರುತ್ತದೆ ಎಂಬುದಕ್ಕೆ ನಾನೇ ಸಾಕ್ಷಿಯಲ್ಲವೇ? ಅಷ್ಟು ಜನರ ನಡುವೆ ಅಷ್ಟೆಲ್ಲ ಮಾತಾಡಿದೆ. ‘ಹುಡುಗೀನ್ನೂ ಒಂದು ಮಾತು ಕೇಳ್ರಿ’ ಎನ್ನುವುದೊಂದು ಬಿಟ್ಟು.