ಲಾಂಬಿ ರೇಡಿಯೋದ ಕೊನೆಯ ಹಾಳೆ

ಅಷ್ಟೂ ಅನಾಹುತಕ್ಕೆ ಕಾರಣ ಒಂದೇ ಬಣ್ಣದ ಎರಡು ಲಕೋಟೆಗಳು.

ಲಾಂಬಿ ಎಂದರೆ ಶಂಖ. ಹಿಂದೆ ಆ ದ್ವೀಪದಲ್ಲಿ ಯಾರಾದರೂ ಸತ್ತರೆ ಶಂಖ ಊದುತ್ತಿದ್ದರು. ಬೇಕರಿಯ ಕ್ಲೋವಿಸ್ ತನ್ನ ಒಲೆಯ ಹಿಂದಿನ ಕೋಣೆಯಲ್ಲಿ ಲಾಂಬಿ ರೇಡಿಯೋ ಶುರುಮಾಡಿದ ಮೇಲೆ ಆ ಕೆಲಸ ಅದರದ್ದಾಯಿತು. ಸುದ್ದಿ, ಚರ್ಚೆ, ಜಗಳ ಏನೇ ಇರಲಿ, ಬೆಳಗಿನ ಏಳರ ಸಾವಿನ ಪಟ್ಟಿಗೆ ಊರೇ ಕಿವಿಗೊಡುತ್ತಿತ್ತು. ಮೂವತ್ತೊಂದು ವರ್ಷದಿಂದ ಅದನ್ನು ಓದುತ್ತಿದ್ದವನು ಇಗ್ನೇಶಿಯಸ್. ಪಟ್ಟಿಯಲ್ಲಿ ಒಬ್ಬ ನೆಂಟನ ಹೆಸರು ಬಿಟ್ಟುಹೋದರೆ ಮೂರು ತಲೆಮಾರು ಮಾತು ಬಿಡುವ ಜನ. ಹಾಗಾಗಿ ಅನೇಕರು ಬದುಕಿರುವಾಗಲೇ ತಮ್ಮ ಸಾವಿನ ಪ್ರಕಟಣೆಯನ್ನು ತಾವೇ ಬರೆದು ರೇಡಿಯೋದ ಬೀರುವಿನಲ್ಲಿ ಇಟ್ಟಿರುತ್ತಿದ್ದರು.

ಆ ಶುಕ್ರವಾರ ಮಧ್ಯಾಹ್ನ ರೇಡಿಯೋ ಕೊಳ್ಳಲು ರಾಜಧಾನಿಯಿಂದ ಒಬ್ಬ ವ್ಯಾಪಾರಿ ಬರುವವನಿದ್ದ. ಅವನಿಗೆ ಬರೀ ಹಾಡು ಬೇಕು, ಮಾತು ಬೇಡ. ಎಂದರೆ ಇಗ್ನೇಶಿಯಸ್‌ನ ಕುರ್ಚಿಗೇ ಸಂಚಕಾರ. ಅಂದು ಬೆಳಿಗ್ಗೆಯೇ ಪ್ರಸಾರದಲ್ಲಿ ರೇಡಿಯೋದ ಚರಿತ್ರೆ ಓದಿದರೆ ಮುದುಕ ಕ್ಲೋವಿಸ್‌ನ ಮನಸ್ಸು ಕರಗೀತು ಎಂಬ ಆಸೆ ಅವನಿಗೆ.

"ಮಾ ಎಡ್ವಿನಾ, ಯಜಮಾನ್ರು ಬರೆದಿಟ್ಟ ಚರಿತ್ರೆ ಎಲ್ಲಿ?"

"ನೀಲಿ ಲಕೋಟೇಲಿ," ಎಂದರು ಫೋನು, ಹಾಡು ಎರಡನ್ನೂ ನೋಡಿಕೊಳ್ಳುವ ಎಡ್ವಿನಾ. "ತಗೋ. ಮೊದ್ಲು ಒಂದ್ಸಲ ಓದ್ಕೊಳ್ಳಪ್ಪಾ."

"ಮೂವತ್ತೊಂದು ವರ್ಷ ಆಯ್ತು, ನನಗೇ ಪಾಠ ಹೇಳ್ತೀರಾ?"

ಓದತೊಡಗಿದ. ರೇಡಿಯೋ ಕ್ಲೋವಿಸ್‌ನ ಸೋದರಳಿಯನ ಹೆಸರಿಗೆ ಹೋದದ್ದು, ಅವನು ಅದನ್ನು ಡಾಮಿನೋ ಆಟದಲ್ಲಿ ಸೋತದ್ದು, ಗೆದ್ದ ಪಾದ್ರಿ ಎರಡು ವರ್ಷ ಸಾವಿನ ಪಟ್ಟಿ ಬಿಟ್ಟರೆ ಬರೀ ಜಪಮಾಲೆ ಪ್ರಾರ್ಥನೆ ಕೇಳಿಸಿ, ಬೇಸತ್ತು ಕ್ಲೋವಿಸ್‌ಗೇ ಹಿಂದಿರುಗಿಸಿದ್ದು. ಊರೆಲ್ಲ ನಕ್ಕಿತು. ಇಗ್ನೇಶಿಯಸ್ ಹುರುಪಿನಿಂದ ಹಾಳೆ ಮಗುಚಿದ.

"ಇಂತಹ ಕ್ಲೋವಿಸ್ ಅವರು ಪತ್ನಿ, ಆರು ಮಕ್ಕಳು ಹಾಗೂ ಪ್ರಿಯ ಗೆಳತಿ ಜೋಸೆಟ್ ಅವರನ್ನು ಅಗಲಿ ಪ್ರಭುವಿನ ಪಾದ ಸೇರಿದ್ದಾರೆ."

ಅಭ್ಯಾಸಬಲದಿಂದ ಅವನ ದನಿ ತಾನಾಗಿ ಇಳಿಯಿತು, ಎಡ್ವಿನಾ ಕೈ ತಾನಾಗಿ ಶೋಕಗೀತೆ ಹಾಕಿತು. ಆಮೇಲೆ ಅರ್ಥವಾಯಿತು: ಇದು ಚರಿತ್ರೆಯದಲ್ಲ, ಯಜಮಾನರು ತಮ್ಮ ಸಾವಿಗೆಂದು ಬರೆದಿಟ್ಟ ಇನ್ನೊಂದು ನೀಲಿ ಲಕೋಟೆ. ಉಳಿದ ಒಂದು ಹಾಳೆಯನ್ನು ಜೇಬಿಗೆ ತುರುಕಿ ಇಗ್ನೇಶಿಯಸ್ ಎದ್ದುಬಿದ್ದು ಓಡಿದ.

ಅಷ್ಟರಲ್ಲಿ ಕ್ಲೋವಿಸ್‌ನ ಅಂಗಳದಲ್ಲಿ ನೆರೆಯವರು ಸಾವಿನ ಮನೆಗೆ ತರುವಂತೆ ಕಾಫಿ, ಬ್ರೆಡ್ ಹಿಡಿದು ಸೇರಿದ್ದರು. ಒಳಗೆ ಅವನ ಹೆಂಡತಿ "ಯಾರವಳು ಜೋಸೆಟ್?" ಎಂದು ಕೇಳುತ್ತ ಪಾತ್ರೆ ಎಸೆಯುತ್ತಿದ್ದಳು. ಬಡಗಿ ಥಿಯೋ ಟೇಪು ಹಿಡಿದಿದ್ದ.

"ನೆಟ್ಟಗೆ ನಿಂತ್ಕೊಳ್ಳಿ ಯಜಮಾನ್ರೆ, ಪೆಟ್ಟಿಗೆ ಅಳತೆ ತಪ್ಪುತ್ತೆ."

"ಬದುಕಿದೀನಲ್ಲೋ ನಾನು!"

"ಇರಬಹುದು. ಆದ್ರೆ ರೇಡಿಯೋದಲ್ಲಿ ಬಂತಲ್ಲ."

ಶಂಖದಿಂದ ಬಂದರೇ ತೀರ್ಥ ಎನ್ನುವ ಊರು, ಏನು ಮಾಡುವುದು?

ಇಗ್ನೇಶಿಯಸ್ ಮುದುಕನ ಕಾಲ ಬಳಿ ಕುಸಿದ. "ತಪ್ಪಾಯ್ತು ಯಜಮಾನ್ರೆ."

"ಕೊನೇ ಹಾಳೆ ಓದಿದ್ಯಾ?"

"ಇಲ್ಲ."

"ಈಗ ಓದು."

ಇಗ್ನೇಶಿಯಸ್ ಓದಿದ: "ರೇಡಿಯೋವನ್ನು ಯಾರಿಗೂ ಮಾರಕೂಡದು. ಮೂವತ್ತೊಂದು ವರ್ಷದಲ್ಲಿ ಒಂದು ಸಾವನ್ನೂ ತಪ್ಪಾಗಿ ಓದದ ಇಗ್ನೇಶಿಯಸ್‌ನೇ ಇನ್ನು ಅದರ ಒಡೆಯ."

"ಹೋದ ವಾರ ಬರ್ದೆ," ಎಂದ ಮುದುಕ. "ಮಧ್ಯಾಹ್ನ ಆ ವ್ಯಾಪಾರಿಗೆ ಮಾರಲ್ಲ ಅನ್ನೋನಿದ್ದೆ. ಒಂದು ಸಾವನ್ನೂ ತಪ್ಪಾಗಿ ಓದಿಲ್ಲ ಅಂತ ಅದ್ರಲ್ಲಿದೆ. ಈಗ ನೀನೇ ಹೇಳು, ನಮ್ಮ ರೇಡಿಯೋದಲ್ಲಿ ಸುಳ್ಳು ಓದಬಹುದಾ?"

ಇಗ್ನೇಶಿಯಸ್ ಹಾಳೆಯ ಮೇಲಿನ ತನ್ನ ಹೆಸರನ್ನು ನೋಡಿದ. ಬೆಳಿಗ್ಗೆ ಒಂದೇ ಒಂದು ಸಲ ಹಾಳೆ ತಿರುವಿ ನೋಡಿದ್ದರೆ ಸಾಕಿತ್ತಲ್ಲ!

"ಇಲ್ಲ ಯಜಮಾನ್ರೆ. ಓದಬಾರದು."

"ಹಾಗಾದ್ರೆ ತಿದ್ದು ಮಗಾ."

ಮುದುಕನ ಕಣ್ಣು ಒದ್ದೆಯಾಗಿತ್ತು. ಥಿಯೋ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದುಕೊಟ್ಟ. ತನ್ನ ಹೆಸರಿನ ಮೇಲೆ ಗೆರೆ ಎಳೆಯುವ ಮುಂಚೆ ಇಗ್ನೇಶಿಯಸ್ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಎರಡೆರಡು ಸಲ ಓದಿಕೊಂಡ.