ಗಾಳಿ ತೂಗಿದ ಕುಬೇರಪ್ಪ

"ಈ ಸಲ ಗಾಳಿನ್ನ ತೂಗಿಬಿಡತೇನಿ!" ಎಂದು ಕುಬೇರಪ್ಪ ಘೋಷಿಸಿದಾಗ ಕಸ್ತೂರೆಮ್ಮ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈ ನಿಲ್ಲಲಿಲ್ಲ.

"ತೂಗ್ರಿ. ತೂಗಿ ಎಲ್ಲಿ ಇಡ್ತೀರಿ? ಮನ್ಯಾಗ ಖಾಲಿ ಡಬ್ಬಿ ಒಂದೂ ಇಲ್ಲ."

ಕುಬೇರಪ್ಪ ಕೊಪ್ಪಳದ ಹತ್ತಿ ಜಿನ್ನಿನ ಕಾರ್ಖಾನೆಯಲ್ಲಿ ತೂಕದ ಕಾರಕೂನ. ದಿನವಿಡೀ ಹತ್ತಿ ತೂಗುವವನಿಗೆ, ಅದಕ್ಕಿಂತ ತುಸು ಹಗುರಾದ ಗಾಳಿಯನ್ನು ತೂಗುವುದು ದೊಡ್ಡ ಮಾತೇ? ಅವನ ತರ್ಕ ಅದು. ತರ್ಕದ ಬೇರು ಮಾತ್ರ ಹಿಂದಿನ ವರ್ಷದ, ಅಂದರೆ ಸಾವಿರದ ಒಂಬೈನೂರ ಮೂವತ್ತೇಳರ, ಸೈಕಲ್ ಶರ್ಯತ್ತಿನಲ್ಲಿತ್ತು. ಊರಿಗೆ ಹೊಸದಾಗಿ ಸೈಕಲ್ಲು ತರಿಸಿದ್ದ ವ್ಯಾಪಾರಿಯೊಬ್ಬ ಕೊಪ್ಪಳದಿಂದ ಗಿಣಿಗೇರಾದವರೆಗೆ ಶರ್ಯತ್ತು ಇಟ್ಟಿದ್ದ. ಮೊದಲು ಬಂದವನು ಕಸ್ತೂರೆಮ್ಮನ ಖಾಸಾ ತಮ್ಮ ಯಮನೂರಪ್ಪ. ಕುಬೇರಪ್ಪ ಗಿಣಿಗೇರಾ ಮುಟ್ಟುವ ಹೊತ್ತಿಗೆ ಹಾರ ಹಾಕುವುದು ಮುಗಿದು, ಚಹಾ ಮುಗಿದು, ಹಂದರದ ಹಗ್ಗ ಬಿಚ್ಚುತ್ತಿದ್ದರು!

ಅಂದಿನಿಂದ ಯಮನೂರಪ್ಪ ಅಕ್ಕನ ಮನೆಗೆ ಉಣ್ಣಲು ಬಂದಾಗಲೆಲ್ಲ ಅದೇ ಮಾತು. ಕುಬೇರಪ್ಪ ಕೈತೊಳೆದು ಬರುವುದು ಚೂರು ತಡವಾದರೂ ಸಾಕು, "ಯಾಕ್ ಮಾವಾ, ಇನ್ನ ಗಿಣಿಗೇರಾ ಮುಟ್ಟಿಲ್ಲೇನು?" ಕಸ್ತೂರೆಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಹೆಂಡತಿ ನಕ್ಕರೆ ನುಂಗಬಹುದು. ನಗು ಮುಚ್ಚಿಕೊಂಡರೆ ನುಂಗುವುದು ಹೇಗೆ?

ತಿಂಗಳುಗಟ್ಟಲೆ ಚಿಂತಿಸಿ ಕುಬೇರಪ್ಪ ಅಪರಾಧಿಯನ್ನು ಹಿಡಿದ. ತಪ್ಪು ತನ್ನ ಕಾಲಿನದಲ್ಲ, ಗಾಳಿಯದು! ಸೈಕಲ್ ಓಡಿದಷ್ಟೂ ಅದು ಎದೆಗೆ ಕೈಹಚ್ಚಿ ಹಿಂದಕ್ಕೆ ನೂಕುತ್ತದೆ. ಎಷ್ಟು ನೂಕುತ್ತದೆ, ಹೇಗೆ ಕೂತರೆ ಕಡಿಮೆ ನೂಕುತ್ತದೆ ಎಂಬುದನ್ನು ಅಳೆದರೆ ಈ ವರ್ಷದ ಶರ್ಯತ್ತಿನಲ್ಲಿ ಯಮನೂರಪ್ಪನ ಕಥೆ ಮುಗಿದಂತೆ.

ಮುಂಗಾರಿಗೆ ಮುಂಚಿನ ಗಾಳಿ ಭೋರೆಂದು ಬೀಸುತ್ತಿದ್ದ ಒಂದು ಭಾನುವಾರ ಕುಬೇರಪ್ಪ ಸೈಕಲ್ಲನ್ನು ಹೆಗಲಿಗೇರಿಸಿ ಮಾಳಿಗೆ ಹತ್ತಿದ. ಜಿನ್ನಿನಿಂದ ಸ್ಪ್ರಿಂಗಿನ ತಕ್ಕಡಿ ತಂದಿದ್ದ. ಗಾಳಿಗೆ ಮುಖಮಾಡಿ ಸೈಕಲ್ ನಿಲ್ಲಿಸಿದ. ಅದು ವಾಲದಂತೆ ಎರಡೂ ಮಗ್ಗುಲಿಗೆ ಹಗ್ಗದ ಹೊರಸು ಮಂಚ ನಿಲ್ಲಿಸಿದ. ಮುಂದಿನ ಮೋಟುಗೋಡೆಯ ಗೂಟಕ್ಕೆ ತಕ್ಕಡಿ, ತಕ್ಕಡಿಯ ಕೊಕ್ಕೆಗೆ ಹಗ್ಗ, ಹಗ್ಗದ ತುದಿಗೆ ಸೈಕಲ್ಲಿನ ಹ್ಯಾಂಡಲ್ಲು. ಗಾಳಿ ಹಿಂದಕ್ಕೆ ನೂಕಿದಷ್ಟೂ ತಕ್ಕಡಿಯ ಮುಳ್ಳು ಸರಿಯಬೇಕು. ಮುಳ್ಳು ನೋಡಲು ಕಸ್ತೂರೆಮ್ಮನನ್ನು ಕರೆದ.

"ನನ್ನ ಬ್ಯಾಳಿ ಒಲಿ ಮ್ಯಾಲ ಐತ್ರಿ."

"ಬ್ಯಾಳಿ ದಿನಾ ಕುದೀತೈತಿ. ಇಂಥಾ ಗಾಳಿ ದಿನಾ ಬೀಸತೈತೇನು? ಬಾ!"

ಅವಳು ಮೇಲೆ ಬಂದವಳೇ ಮೊದಲು ನೋಡಿದ್ದು ಸೈಕಲ್ಲಿನ ಹಿಂದೆ ತಾನು ಒಣಹಾಕಿದ್ದ ಮೆಣಸಿನಕಾಯಿಯನ್ನು. ವರ್ಷದ ಖಾರಪುಡಿಗಾಗುವಷ್ಟು ರಾಶಿ. "ಇದಕ್ಕ ಏನರ ಆತಂದ್ರ ನೋಡ್ರಿ ಮತ್ತ" ಎಂದಷ್ಟೇ ಹೇಳಿ ತಕ್ಕಡಿಯ ಮುಂದೆ ಕೂತಳು.

ಕುಬೇರಪ್ಪ ಸೈಕಲ್ ಏರಿ, ಧೋತರ ಬಿಟ್ಟುಕೊಂಡು ನೆಟ್ಟಗೆ ಕೂತಾಗ ಮೂರು ಸೇರು. ಧೋತರ ಬಿಗಿದು ಕಟ್ಟಿದಾಗ ಎರಡೂವರೆ. ಅವನು ಹಿಗ್ಗಿಹೋದ. "ಈಗ ತಲಿ ತಗ್ಗಸ್ತೇನಿ, ನೋಡು!" ಎಂದು ಹಣೆಯನ್ನು ಹ್ಯಾಂಡಲ್ಲಿಗೆ ಹಚ್ಚಿ ಕಣ್ಣು ಮುಚ್ಚಿದ.

ಅಷ್ಟರಲ್ಲಿ ಕೆಳಗೆ ಬೇಳೆ ಉಕ್ಕಿದ ಸದ್ದು! ಕಸ್ತೂರೆಮ್ಮ ಹೇಳದೆ ಕೇಳದೆ ಇಳಿದು ಓಡಿದಳು. ಪಕ್ಕದ ಮನೆಯ ಹಮೀದಾಬಿ ಕಿಟಕಿಯಿಂದ, "ಕಸ್ತೂರವ್ವಾ, ನಿಮ್ಮ ಮನ್ಯಾಗ ಸ್ವಲ್ಪ ಬ್ಯಾಳಿ ಐತೇನ ಬೇ?" ಎಂದು ಕೇಳಿದಳು. ಅದೇ ಗಳಿಗೆಗೆ ಮಾಳಿಗೆಯ ಮೇಲಿಂದ ಕುಬೇರಪ್ಪ ಕಿರುಚಿದ:

"ಎಷ್ಟೈತಿ?"

"ಪಾವಸೇರು!" ಎಂದಳು ಕಸ್ತೂರೆಮ್ಮ, ಹಮೀದಾಬಿಗೆ.

ಪಾವಸೇರು! ಎರಡೂವರೆ ಸೇರಿನ ಗಾಳಿ ಬರೀ ತಲೆ ತಗ್ಗಿಸಿದ್ದಕ್ಕೆ ಕಾಲು ಸೇರಿಗೆ ಇಳಿದಿತ್ತು! ಕುಬೇರಪ್ಪನ ಕಣ್ಣಲ್ಲಿ ನೀರು ಬಂತು. ಹುರುಪಿನಲ್ಲಿ "ಶಾಬಾಸ್!" ಎಂದು ಎದ್ದು ಕೂತ. ಆಗಲೇ ಒಂದು ಬಿರುಗಾಳಿ ಬಂದು ಅವನ ಅಗಲವಾದ ಎದೆಗೆ ಬಡಿಯಿತು. ತಕ್ಕಡಿಯ ಕೊಕ್ಕೆ ನೆಟ್ಟಗಾಯಿತು. ಹಗ್ಗ ಕಳಚಿತು.

ಸೈಕಲ್ಲು ಹಿಮ್ಮುಖವಾಗಿ ಹೊರಟಿತು! ಪೆಡಲ್ಲುಗಳು ಉಲ್ಟಾ ತಿರುಗುತ್ತ ಅವನ ಮೊಣಕಾಲಿನ ಕೆಳಗೆ ಒದೆಯತೊಡಗಿದವು. ಮೆಣಸಿನಕಾಯಿಯ ರಾಶಿಯನ್ನು ಸೀಳಿಕೊಂಡು ಹೋದ ಹಿಂದಿನ ಚಕ್ರ ಅಡುಗೆಮನೆಯ ಬೆಳಕಿಂಡಿಯೊಳಗೆ ದಪ್ಪನೆ ಇಳಿದು ಸಿಕ್ಕಿಕೊಂಡಿತು. ಕೆಳಗೆ ಸಟ್ಟುಗ ಹಿಡಿದು ನಿಂತಿದ್ದ ಕಸ್ತೂರೆಮ್ಮ ತಲೆಯೆತ್ತಿದರೆ ಮಾಳಿಗೆಯಿಂದ ಒಂದು ಚಕ್ರ ಇಳಿಬಿದ್ದು ಗರಗರ ತಿರುಗುತ್ತಿದೆ! ಅದರ ಸುತ್ತಲಿಂದ ಮಾಳಿಗೆಯ ಮಣ್ಣು ಬೇಳೆಗೆ ಒಗ್ಗರಣೆಯಾಗಿ ಬೀಳುತ್ತಿದೆ.

ಮೆಣಸಿನಕಾಯಿಯ ಧೂಳು ಗಾಳಿಗೆ ಹತ್ತಿ ಓಣಿಯೆಲ್ಲ ಹರಡಿತು. ಎಮ್ಮೆಗಳೂ ಸೀನಿದವು. ಹಮೀದಾಬಿ ಸೀನುಗಳ ನಡುವೆ ಬಿಡುವು ಮಾಡಿಕೊಂಡು, "ಯಾವ... ಆಕ್ಷಿ... ಹುಚ್ಚ... ಆಕ್ಷಿ... ಅದಾನ ಅದು ಮ್ಯಾಲೆ?" ಎಂದು ವಿಚಾರಿಸಿದಳು.

"ನಮ್ಮವರ ಅದಾರ!" ಎಂದಳು ಕಸ್ತೂರೆಮ್ಮ. ಆ ಬೇಸತ್ತ ದನಿಯಲ್ಲಿ ಮದುವೆಯಾದಂದಿನಿಂದ ಇಂದಿನವರೆಗಿನ ಲೆಕ್ಕವೆಲ್ಲ ಇತ್ತು. ಆಮೇಲೆ ಮೇಲೆ ಮುಖ ಮಾಡಿ, "ಹತ್ತಿ ತೂಗಿ ತಂದ ಜ್ವಾಳ ಸಾಕಾಗಿತ್ರಿ ನಮಗ! ಗಾಳಿ ತೂಗಿ ಏನ ತಂದ್ರಿ? ಮಣ್ಣು!" ಎಂದಳು. ಅಂದು ಮನೆಯಲ್ಲಿ ಮಜ್ಜಿಗೆಯೇ ಸಾರು. ಮೆಣಸಿನಕಾಯಿ ಆರಿಸುವ ಕೆಲಸ ಕುಬೇರಪ್ಪನದು. ಉರಿಯುವ ಬೆರಳುಗಳನ್ನು ಊದಿಕೊಳ್ಳುತ್ತಲೂ ಅವನು ಒಳಗೊಳಗೇ ನಗುತ್ತಿದ್ದ. ಪಾವಸೇರು!

ಶರ್ಯತ್ತಿನ ದಿನ ಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿತ್ತು. ಕುಬೇರಪ್ಪ ಅದನ್ನು ಗಮನಿಸಲಿಲ್ಲ. ಜಾಗಟೆ ಬಾರಿಸಿದ್ದೇ ತಡ, ಹಣೆಯನ್ನು ಹ್ಯಾಂಡಲ್ಲಿಗೆ ಹಚ್ಚಿ ತುಳಿಯತೊಡಗಿದ. ಮುಂದಿನ ಚಕ್ರ ಮತ್ತು ಅದರ ಕೆಳಗಿನ ಗೇಣು ರಸ್ತೆ, ಕಾಣುತ್ತಿದ್ದುದು ಇಷ್ಟೇ. ಪಕ್ಕದಲ್ಲಿ ಪಟಪಟ ಸದ್ದಾಯಿತು. ಯಮನೂರಪ್ಪನ ಧೋತರ ಗಾಳಿ ತುಂಬಿಕೊಂಡು ಉಬ್ಬಿರಬೇಕು. "ಪಾಪ, ಮೂರು ಸೇರು ಜಗ್ಗಾಕತ್ತಾನ!" ಎಂದು ಮರುಗಿದ. ಸ್ವಲ್ಪ ಹೊತ್ತಿಗೆ ಪಟಪಟ ಸದ್ದುಗಳೆಲ್ಲ ಅಡಗಿದವು. ಎಲ್ಲರೂ ಹಿಂದೆ ಬಿದ್ದರು! ಊರ ಹೊರಗೆ ದಾರಿ ಕವಲೊಡೆಯುವುದು ಅವನಿಗೂ ಗೊತ್ತು. ಆದರೆ ತಲೆ ಎತ್ತಿದರೆ ಎರಡೂವರೆ ಸೇರು!

ತುಳಿದ, ತುಳಿದ, ಗಿಣಿಗೇರಾ ಬರಲೇ ಇಲ್ಲ. ಹೋದ ವರ್ಷ ಇದು ಇಷ್ಟು ದೂರ ಇರಲಿಲ್ಲವಲ್ಲ ಎನ್ನಿಸಿತು. ಜೋರಾಗಿ ಹೋದರೆ ದಾರಿ ಉದ್ದವಾಗುತ್ತದೇನೋ ಎಂದು ಹೊಸದೊಂದು ಶಾಸ್ತ್ರವನ್ನೂ ಕಟ್ಟಿದ. ತೊಡೆ ನಡುಗಿ, ಬಾಯಿ ಒಣಗಿ, ಕಡೆಗೆ ಒಂದು ಊರಿನ ಬಾಯಿಗೆ ಬಂದು ಇಳಿದ. ಹಾರವಿಲ್ಲ, ಹಂದರವಿಲ್ಲ. ಬೇವಿನ ಗಿಡದ ಕೆಳಗೆ ಹುಲಗೆಮ್ಮ ಎಂಬ ಮುದುಕಿ ಕುರಿಮರಿಗೆ ಸೊಪ್ಪು ತಿನ್ನಿಸುತ್ತ ಕೂತಿದ್ದಳು.

"ಯವ್ವಾ," ಎಂದು ಕುಬೇರಪ್ಪ ಏದುಸಿರು ಬಿಡುತ್ತ ಕೇಳಿದ, "ಸೈಕಲ್ ಮ್ಯಾಲೆ ಬಂದವ್ರಾಗ ನಾನ ಮೊದಲೇನು?"

"ಹೌದಪಾ. ನೀನ ಮೊದಲ, ನೀನ ಕಡೀಕ. ಇರಕಲ್ಲಗಡಕ್ಕ ಇವತ್ತ ಮತ್ಯಾರೂ ಬಂದಿಲ್ಲ."

ಇರಕಲ್ಲಗಡ! ಕುಬೇರಪ್ಪ ಅಲ್ಲೇ ಧೂಳಿನಲ್ಲಿ ಕುಸಿದು ಕೂತ. ಮುದುಕಿಗೆ ಕನಿಕರವಾಯಿತು. ತಂಬಿಗೆಯಲ್ಲಿ ನೀರು ತಂದುಕೊಟ್ಟು, ದನಿ ತಗ್ಗಿಸಿ ಕೇಳಿದಳು:

"ಆಗಿಂದ ನೋಡಾಕತ್ತೇನಿ, ಅಷ್ಟ ದೂರದಿಂದ ತಲಿ ತಗ್ಗಿಸ್ಕೊಂಡ ಬಂದಿ. ಊರಾಗ ಅಂಥಾದ್ದೇನ ಮಾಡಿ ಬಂದೀಯಪಾ?"