ಮಣ್ಣಿನ ಊರಿಗೆ ಬಂದ ನೀರು

ತಲೆಗೂದಲು ನರೆಯುವಷ್ಟು ಕಾಲ ಪಾಠ ಹೇಳಿದರೂ ಇತಿಹಾಸದ ಮೇಷ್ಟ್ರನ್ನು ಒಂದೇ ಒಂದು ಮಗು ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ಅವರ ಪೀರಿಯಡ್ಡು ಊಟವಾದ ಮೇಲಿನದು. ಬೋರ್ಡಿನ ಮೇಲೆ ರಾಜರು ಏಳುತ್ತಿದ್ದರು, ಬೆಂಚಿನ ಮೇಲೆ ಮಕ್ಕಳು ಬೀಳುತ್ತಿದ್ದರು. ಕೊನೆಗೆ ಹೆಡ್ ಮೇಡಂ ಹೇಳಿಯೇಬಿಟ್ಟರು: "ಇವತ್ತೊಂದು ದಿನ ನೋಡ್ತೀನಿ ಮೇಷ್ಟ್ರೇ. ಮಕ್ಕಳು ಮತ್ತೆ ಮಲಗಿದ್ರೆ ನಿಮ್ಮ ಪೀರಿಯಡ್ಡು ಲೆಕ್ಕದವರಿಗೆ."

ಲೆಕ್ಕದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಆಗಲೇ ಬಾಯಲ್ಲಿ ನೀರೂರಿಸಿಕೊಂಡು ಕೂತಿದ್ದರು. "ಸತ್ತೋರ ವಿಷಯ ಹೇಳಿದ್ರೆ ಬದುಕಿರೋರು ಮಲಗ್ತಾರೆ ಬಿಡಿ, ಅದು ಸಹಜ," ಎಂದು ಸಮಾಧಾನ ಬೇರೆ ಹೇಳಿದರು.

ಅಂದಿನ ಪಾಠ ನದಿ ಕಣಿವೆಯ ಪುರಾತನ ನಾಗರಿಕತೆ. ಮೇಷ್ಟ್ರು ಪುಸ್ತಕ ಮುಚ್ಚಿ ಮಕ್ಕಳನ್ನು ಅಂಗಳಕ್ಕೆ ಕರೆತಂದರು. ನಲ್ಲಿಯ ಹತ್ತಿರ ಜೇಡಿಮಣ್ಣು ಕಲಸಿ ಊರು ಕಟ್ಟಿಸಿದರು: ನೇರ ಬೀದಿ, ಬೆಂಕಿಪೊಟ್ಟಣದಷ್ಟು ಮನೆ, ಮನೆಮನೆಗೂ ಬಚ್ಚಲು, ಬಚ್ಚಲಿನಿಂದ ಬೀದಿಯ ಚರಂಡಿ. ಕೇಳದೆಯೇ ಬಂದ ಡ್ರಿಲ್ ಮೇಷ್ಟ್ರು "ಇದೇನ್ರೋ ಚರಂಡಿ, ಇರುವೆಗಾ?" ಎಂದು ತಾವೇ ಸಲಿಕೆ ಹಿಡಿದು, ಅದನ್ನು ಹೆಡ್ ಮೇಡಂ ಕೋಣೆಯ ಹೊಸ್ತಿಲವರೆಗೂ ತೋಡಿಟ್ಟು, ಸಲಿಕೆ ಅಲ್ಲೇ ಬಿಟ್ಟು ಬೆವರೊರೆಸಿಕೊಂಡು ಹೋದರು.

ಮೇಷ್ಟ್ರು ನಲ್ಲಿ ತಿರುಗಿಸಿದರು. ಒಂದು ಚೊಂಬಿನಷ್ಟು ಬಿಟ್ಟು ನಿಲ್ಲಿಸಿದರಾಯಿತು ಎಂದುಕೊಂಡಿದ್ದರು. ಅಷ್ಟರಲ್ಲಿ, ಹಾಜರಿಗೂ ಬಾಯಿ ಬಿಡದೆ ಕೈಯೆತ್ತುತ್ತಿದ್ದ, ಎಲ್ಲರೂ ಗುಬ್ಬಿ ಎಂದು ಕರೆಯುತ್ತಿದ್ದ ಹುಡುಗಿ ಕೇಳಿದಳು: "ಸಾರ್, ಅಲ್ಲಿನ ಮಕ್ಕಳೂ ಹೀಗೇ ನೀರಲ್ಲಿ ಆಡ್ತಿದ್ರಾ? ಅವರಮ್ಮ ಬೈತಿದ್ರಾ?"

ಪ್ರಶ್ನೆ! ಮೇಷ್ಟ್ರ ಕಣ್ಣು ತುಂಬಿ ಬಂತು. "ಆಡ್ತಿದ್ರು ಪುಟ್ಟಿ. ಮಣ್ಣಿನ ಗಾಡಿ ಇತ್ತು, ಸೀಟಿ ಇತ್ತು. ಬೈಗುಳ ಮಾತ್ರ ಗೊತ್ತಿಲ್ಲ, ಅವರ ಬರಹ ಇನ್ನೂ ಯಾರಿಗೂ ಓದೋಕೆ ಬಂದಿಲ್ಲ."

ಕಟ್ಟೆಯೊಡೆದಂತೆ ಪ್ರಶ್ನೆಗಳು ಬಂದವು. ನಾಯಿ ಸಾಕ್ತಿದ್ರಾ? ಪರೀಕ್ಷೆ ಇತ್ತಾ? ಮೇಷ್ಟ್ರು ಮಣ್ಣಲ್ಲೇ ಕೂತು ಒಂದೊಂದಕ್ಕೂ ಉತ್ತರ ಹೇಳಿದರು. ಅಷ್ಟು ಸಂತೋಷ ಅವರಿಗೆ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ. ನಲ್ಲಿಯ ನೆನಪೇ ಅವರಿಗಿರಲಿಲ್ಲ.

ಹೆಡ್ ಮೇಡಂ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಂದರು. ಹಿಂದೆ ಲೆಕ್ಕದ ಮೇಷ್ಟ್ರು, ನಗು ಅದುಮಿಕೊಂಡು.

"ನನ್ನ ಕೋಣೇಲಿ ಫೈಲು ತೇಲ್ತಿವೆ! ಎಲ್ಲಿಂದ ಬಂತು ಈ ನೀರು?"

ಮೇಷ್ಟ್ರು ಮಣ್ಣಿನ ಕೈ ಒರೆಸಿಕೊಳ್ಳುತ್ತ ಎದ್ದರು. ಗುಬ್ಬಿಯೇ ಮುಂದೆ ಬಂದಳು. "ನಾಲ್ಕು ಸಾವಿರ ವರ್ಷದ ಹಿಂದಿಂದ ಮೇಡಂ. ಬನ್ನಿ, ತೋರಿಸ್ತೀನಿ."

ಮಕ್ಕಳು ಕೈ ಹಿಡಿದೆಳೆದು ಅವರನ್ನು ಕೂರಿಸಿದರು. ಇದು ಬಚ್ಚಲು, ಇದು ಬಾವಿ ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಮೇಡಂ ಚರಂಡಿಯಲ್ಲಿ ಬೆರಳಿಟ್ಟು, "ಈ ಮನೇಲಿ ಯಾರಿದ್ರು?" ಎಂದರು. ಗಂಟೆ ಹೊಡೆದರೂ ಏಳಲಿಲ್ಲ.

ಕೊನೆಗೆ ಎದ್ದು, "ಮೇಷ್ಟ್ರೇ, ಇತಿಹಾಸದ ಪೀರಿಯಡ್ಡು ಲೆಕ್ಕಕ್ಕೆ ಕೊಡೋ ಮಾತೇ ಇಲ್ಲ," ಎಂದರು. ಲೆಕ್ಕದವರ ಮುಖ ಸಪ್ಪಗಾಯಿತು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

ಮೇಡಂ ಮಾತು ಮುಂದುವರಿಸಿದರು: "ಎಷ್ಟು ವರ್ಷ ಆಯ್ತು ನಾನು ಮಕ್ಕಳ ಜೊತೆ ಕೂತು! ನಾಳೆಯಿಂದ ಈ ಪಾಠ ನಾನೇ ತಗೋತೀನಿ. ಆ ಹೊತ್ತಲ್ಲಿ ನೀವು ಶಾಲೆಯ ಚರಂಡಿ ನೋಡ್ಕೊಳ್ಳಿ. ಅದರ ವಿಷಯ ನಿಮ್ಮಷ್ಟು ತಿಳಿದೋರು ಇನ್ಯಾರಿದ್ದಾರೆ?"

ಎಲ್ಲರೂ ಹೋದರು. ಮೇಷ್ಟ್ರು ನಲ್ಲಿ ನಿಲ್ಲಿಸಿದರು. ಗುಬ್ಬಿ ಮಾತ್ರ ಅಲ್ಲೇ ನಿಂತಿದ್ದಳು.

"ಸಾರ್, ಅಷ್ಟು ಚೆನ್ನಾಗಿರೋ ಊರು ಬಿಟ್ಟು ಅವರ್ಯಾಕೆ ಹೋದ್ರು?"

"ನದಿ ದಿಕ್ಕು ಬದಲಾಯಿಸ್ತು ಅಂತಾರೆ ಪುಟ್ಟಿ."

"ಹೋಗಬೇಡ ಅಂತ ನದಿಗೆ ಹೇಳಬೇಕಿತ್ತು."

ಹೆಡ್ ಮೇಡಂ ಕೋಣೆಯಿಂದ, "ಬೀದಿ ಎಷ್ಟು ನೇರ ಗೊತ್ತಾ!" ಎಂದು ಅವರು ಯಾರಿಗೋ ಉತ್ಸಾಹದಿಂದ ಹೇಳುತ್ತಿರುವುದು ಕೇಳಿಸಿತು.

"ಹೇಳೋ ಧೈರ್ಯ ಯಾರಿಗಿತ್ತಮ್ಮ," ಎಂದು ಮೇಷ್ಟ್ರು ಸಲಿಕೆ ಎತ್ತಿಕೊಂಡರು.